ತೂಕ ಇಳಿದ ಮೇಲಿನ ವರ್ಷಗಳು



ಪುಣೆಯ ಖಡಕಿ ಸೈನ್ಯದ ಊರು. 1817ರ ನವೆಂಬರ್ 5ರಂದು ಪೇಶ್ವೆಯ ಪಡೆಗೂ ಇಂಗ್ಲಿಷರ ಪಡೆಗೂ ಇಲ್ಲೇ ಯುದ್ಧ ನಡೆಯಿತು. ಆಮೇಲೆ ಇಲ್ಲಿ ದಂಡು ನೆಲೆಯೂರಿತು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಬಾಂಬೆ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ಪಡೆಯ ಕೇಂದ್ರ ಇರುವುದೂ ಇಲ್ಲೇ. ಇಂಥ ಊರಿನಲ್ಲಿ ಮೈತೂಕ ನೌಕರಿಗೆ ಸೇರಿದ ವಿಷಯ. ಇಷ್ಟು ಎತ್ತರಕ್ಕೆ, ಇಷ್ಟು ವಯಸ್ಸಿಗೆ ಇಷ್ಟು ತೂಕ ಎಂದು ಸೇನೆಯಲ್ಲಿ ಪಟ್ಟಿ ಇದೆ. ನಿಗದಿಯಾದ ಕಾಲಕ್ಕೆ ಸೈನಿಕ ತೂಕದ ಯಂತ್ರದ ಮೇಲೆ ನಿಲ್ಲಲೇಬೇಕು. ತೂಕ ಮಿತಿ ಮೀರಿದರೆ ವೈದ್ಯಕೀಯ ದರ್ಜೆ ಕೆಳಗಿಳಿಯಬಹುದು. ಹೋದ ಸಲ ಸರಿಯಿತ್ತು ಎಂದು ಈ ಸಲದ ತಪಾಸಣೆ ಮಾಫಿ ಆಗುವುದಿಲ್ಲ.

ದಂಡಿನ ಗೇಟು ದಾಟಿ ಬಜಾರಿನ ಕಡೆ ಬಂದರೆ ಈ ಪದ್ಧತಿ ಇಲ್ಲ. ಇಲ್ಲಿ ತೂಕ ನೋಡಿಕೊಳ್ಳುವುದು ಅವರವರ ಪಾಲಿನ ಕೆಲಸ. ಅವರಲ್ಲಿ ಒಂದು ಗುಂಪಿನ ಜನರನ್ನು ಉದ್ದೇಶಿಸಿ ಈ ಹೊತ್ತಿನ ಮಾತು. ಬೊಜ್ಜಿಗೆಂದು ಜಠರಕ್ಕೆ ಬ್ಯಾಂಡ್ ಹಾಕಿಸಿಕೊಂಡವರು. ಕಷ್ಟಪಟ್ಟು ತೂಕ ಇಳಿಸಿದವರು. ವೈದ್ಯರು ಹೇಳಿದ ಗುರಿ ಮುಟ್ಟಿದವರು. ಮನೆಯವರು ಸಂತೋಷಪಟ್ಟರು, ಹಳೆಯ ಬಟ್ಟೆಗಳು ದೊಗಳೆಯಾದವು, ಆಸ್ಪತ್ರೆಗೆ ಹೋಗುವುದು ನಿಂತಿತು. ಆ ನಿಂತ ಜಾಗದಿಂದಲೇ ಮಾತು ಶುರುವಾಗಬೇಕು.

ಮೊದಲು ಬ್ಯಾಂಡ್ ಎಂದರೇನು ಎಂದು ತಿಳಿಯದವರಿಗಾಗಿ ಎರಡು ಮಾತು.

ಸಿಲಿಕೋನಿನ ಒಂದು ಮೆತ್ತನೆಯ ಉಂಗುರ. ಅದನ್ನು ಜಠರದ ಮೇಲ್ಭಾಗಕ್ಕೆ, ಅನ್ನನಾಳ ಬಂದು ಸೇರುವ ಜಾಗದ ಸ್ವಲ್ಪ ಕೆಳಗೆ, ಸುತ್ತಿ ಕೂರಿಸುತ್ತಾರೆ. ಉಂಗುರದ ಮೇಲೆ ಒಂದು ಪುಟ್ಟ ಚೀಲ ಉಳಿಯುತ್ತದೆ. ಅದರಲ್ಲಿ ಹಿಡಿಸುವುದು ಒಂದೆರಡು ದೊಡ್ಡ ಚಮಚದಷ್ಟು. ಉಂಗುರದ ಒಳಮೈ ಟೊಳ್ಳು, ಅದರಲ್ಲಿ ಉಪ್ಪುನೀರು ತುಂಬಬಹುದು. ತುಂಬಿದರೆ ದಾರಿ ಬಿಗಿಯಾಗುತ್ತದೆ. ತೆಗೆದರೆ ಸಡಿಲವಾಗುತ್ತದೆ. ಉಂಗುರದಿಂದ ಒಂದು ಸಣ್ಣ ಕೊಳವೆ ಹೊರಟು ಹೊಟ್ಟೆಯ ಚರ್ಮದ ಕೆಳಗಿರುವ ಬಿಲ್ಲೆಯಂಥ ಪೋರ್ಟಿಗೆ ಸೇರುತ್ತದೆ. ನೀರು ತುಂಬುವುದು, ತೆಗೆಯುವುದು ಆ ಪೋರ್ಟಿನ ಮೂಲಕ.

ಇದನ್ನು 1993ರಲ್ಲಿ ದೊಡ್ಡ ಗಾಯವಿಲ್ಲದೆ, ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯಿಂದ ಮೊದಲು ಕೂರಿಸಿದವರು ಬೆಲ್ಜಿಯಂನ ಡಾ. ಮಿಟಿಕು ಬೆಲಾಚೆವ್. ಇಥಿಯೋಪಿಯಾದಲ್ಲಿ ಹುಟ್ಟಿದವರು. 2001ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ನಮ್ಮ ದೇಶದ ದೊಡ್ಡ ಊರುಗಳಲ್ಲೂ ಬ್ಯಾಂಡ್ ಬಳಕೆಗೆ ಬಂತು. ಈಗ ಹೊಸದಾಗಿ ಹಾಕುವುದು ಬಹಳ ಕಡಿಮೆ. ಆ ಜಾಗಕ್ಕೆ ಜಠರದ ಸ್ಲೀವ್, ಬೈಪಾಸ್ ಶಸ್ತ್ರಚಿಕಿತ್ಸೆಗಳು ಬಂದಿವೆ. ಬ್ಯಾಂಡಿನ ಕಾಲ ಮುಗಿಯುತ್ತ ಬಂದರೂ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವರು ನಮ್ಮ ನಡುವೆ ಇದ್ದಾರೆ. ಅವರ ಬಗ್ಗೆ ಮಾತಾಡುವವರು ಕಡಿಮೆಯಾಗಿದ್ದಾರೆ. ಇದು ಸರಿಯಲ್ಲ.

ಬ್ಯಾಂಡ್ ಜಠರದ ದಾರಿಯನ್ನು ಬಿಗಿ ಮಾಡುತ್ತದೆ, ಬಿಗಿಯನ್ನು ಹೆಚ್ಚುಕಡಿಮೆ ಮಾಡಬಹುದು. ಇದಿಷ್ಟು ಗೊತ್ತಾಯಿತು. ಈಗ ಮುಖ್ಯ ಪ್ರಶ್ನೆ. ಇಳಿದ ತೂಕ ಮತ್ತೆ ಏಕೆ ಏರುತ್ತದೆ?

ಮನೆಯಲ್ಲಿ ಸಿಗುವ ಉತ್ತರ ಒಂದೇ. ಬಾಯಿ ಕಟ್ಟಲಿಲ್ಲ. ಅತ್ತೆ ಹೇಳುತ್ತಾರೆ, ಗಂಡ ಹೇಳುತ್ತಾನೆ, ಕೊನೆಗೆ ತೂಕ ಏರಿದವಳೂ ತನ್ನ ಬಗ್ಗೆ ಹಾಗೇ ಅಂದುಕೊಳ್ಳುತ್ತಾಳೆ. ವಿಜ್ಞಾನ ಹೇಳುವುದು ಬೇರೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 50 ಮಂದಿಗೆ 10 ವಾರ ಕಟ್ಟುನಿಟ್ಟಿನ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷದ ನಂತರ ಅವರ ರಕ್ತ ಪರೀಕ್ಷಿಸಿದರು. ಹಸಿವು ಹುಟ್ಟಿಸುವ ಹಾರ್ಮೋನು ಇನ್ನೂ ಏರಿಯೇ ಇತ್ತು. ಹೊಟ್ಟೆ ತುಂಬಿತು ಎಂದು ಹೇಳುವ ಹಾರ್ಮೋನುಗಳು ಇನ್ನೂ ತಗ್ಗಿಯೇ ಇದ್ದವು. 2011ರಲ್ಲಿ ಈ ವರದಿ ಪ್ರಕಟವಾಯಿತು. ಮೈಗೆ ಗುರಿಯ ತೂಕ ಎಂಬುದು ಗೊತ್ತಿಲ್ಲ. ಕೊಬ್ಬು ಕಳೆದುಹೋಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಕಳೆದದ್ದನ್ನು ತುಂಬಿಕೊಳ್ಳಲು ಅದು ಹೊರಡುತ್ತದೆ.

ಇನ್ನೊಂದು ಉದಾಹರಣೆ ಅಮೆರಿಕದ್ದು. ಅಲ್ಲಿ ತೂಕ ಇಳಿಸುವ ಸ್ಪರ್ಧೆಯೇ ಒಂದು ಟೀವಿ ಕಾರ್ಯಕ್ರಮವಾಗಿತ್ತು. ಅದರಲ್ಲಿ ಭಾಗವಹಿಸಿದ 14 ಮಂದಿಯನ್ನು 6 ವರ್ಷದ ನಂತರ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿದಿತ್ತು. ಅದರಲ್ಲಿ 41 ಕಿಲೋ ಮರಳಿ ಬಂದಿತ್ತು. ಅಷ್ಟೇ ತೂಕದ ಬೇರೆಯವರಿಗಿಂತ ಇವರ ಮೈ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಸುಡುತ್ತಿತ್ತು. ನಮ್ಮ ಲೆಕ್ಕದಲ್ಲಿ ಅದು ನಾಲ್ಕೈದು ಜೋಳದ ರೊಟ್ಟಿ. ಪಕ್ಕದ ಮನೆಯವರು ಉಂಡರೆ ಏನೂ ಆಗದ ಆ ನಾಲ್ಕೈದು ರೊಟ್ಟಿ ಇವರ ಮೈಗೆ ಹತ್ತುತ್ತದೆ. ಇದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ತೂಕ ಸ್ವಲ್ಪ ಏರಿದವರನ್ನು ಹಂಗಿಸುವ ಮೊದಲು ತಿಳಿದಿರಬೇಕು.

ಬ್ಯಾಂಡ್ ಈ ಹಸಿವಿನ ಹಾರ್ಮೋನನ್ನು ತಗ್ಗಿಸುವುದಿಲ್ಲ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ದೊಡ್ಡ ಭಾಗವನ್ನೇ ಕತ್ತರಿಸಿ ತೆಗೆಯುವುದರಿಂದ ಅದು ತಗ್ಗುತ್ತದೆ. ಬ್ಯಾಂಡಿನಲ್ಲಿ ಏನನ್ನೂ ಕತ್ತರಿಸುವುದಿಲ್ಲ. ಅದು ಅದರ ಒಳ್ಳೆಯ ಗುಣವೂ ಹೌದು, ಮಿತಿಯೂ ಹೌದು.

ಹಸಿವಿನ ಹಾರ್ಮೋನು ಹೆಚ್ಚುತ್ತದೆ, ಮೈ ಕಡಿಮೆ ಸುಡುತ್ತದೆ, ಬ್ಯಾಂಡ್ ಇವೆರಡನ್ನೂ ತಡೆಯುವುದಿಲ್ಲ. ಹಾಗಾದರೆ ವರ್ಷಗಟ್ಟಲೆ ಆದ ಮೇಲೆ ಏನಾಗುತ್ತದೆ? ದೊಡ್ಡ ಸಂಖ್ಯೆಗಳನ್ನು ನೋಡೋಣ.

ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಬ್ಯಾಂಡ್ ಹಾಕಿಸಿಕೊಂಡವರು ಮೊದಲ ಒಂದೆರಡು ವರ್ಷದಲ್ಲಿ ಮೈತೂಕದ ಶೇಕಡ 20ರಷ್ಟು ಇಳಿಸಿದರು. 10 ವರ್ಷದ ಹೊತ್ತಿಗೆ ಉಳಿದದ್ದು ಶೇಕಡ 14. ಅಂದರೆ 100 ಕಿಲೋ ಇದ್ದವರು 80ಕ್ಕೆ ಇಳಿದು 86ರಲ್ಲಿ ನಿಂತರು. ಮೆಲ್ಬರ್ನಿನ ಡಾ. ಪಾಲ್ ಓಬ್ರಯನ್ ತಂಡ 2013ರಲ್ಲಿ 15 ವರ್ಷಗಳ ಲೆಕ್ಕ ಕೊಟ್ಟಿತು. ಹೆಚ್ಚುವರಿ ತೂಕದ ಅರ್ಧಕ್ಕೆ ಸ್ವಲ್ಪ ಕಡಿಮೆ, ಶೇಕಡ 47, ಇಳಿದೇ ಉಳಿದಿತ್ತು. 110 ಕಿಲೋ ಇದ್ದು, ಇರಬೇಕಾದದ್ದು 65 ಎಂದಿಟ್ಟುಕೊಳ್ಳಿ. ಹೆಚ್ಚುವರಿ 45. ಅದರಲ್ಲಿ 21 ಕಿಲೋ ಹೋಯಿತು. 15 ವರ್ಷ ಆದ ಮೇಲೂ 89ರ ಆಸುಪಾಸು. ಸಕ್ಕರೆ ಕಾಯಿಲೆ ಇರುವವರಿಗೆ, ಮಂಡಿ ಸವೆದವರಿಗೆ ಇದು ಸಣ್ಣ ಲಾಭವಲ್ಲ.

ಅದೇ ಬ್ಯಾಂಡಿಗೆ ಬ್ರಸೆಲ್ಸಿನಲ್ಲಿ ಬಂದ ಫಲ ಬೇರೆ. ಅಲ್ಲಿ 12 ವರ್ಷಗಳ ನಂತರ ಪರೀಕ್ಷೆಗೆ ಸಿಕ್ಕ 82 ಮಂದಿಯಲ್ಲಿ ಹತ್ತರಲ್ಲಿ ಆರು ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಿತ್ತು. ಬ್ಯಾಂಡ್ ಇನ್ನೂ ಹೊಟ್ಟೆಯಲ್ಲಿ ಉಳಿದದ್ದು ಸುಮಾರು ಅರ್ಧದಷ್ಟು ಮಂದಿಗೆ. 2011ರಲ್ಲಿ ಬಂದ ಈ ವರದಿ ಬ್ಯಾಂಡಿನ ಹೆಸರಿಗೆ ದೊಡ್ಡ ಪೆಟ್ಟು ಕೊಟ್ಟಿತು. ಮೆಲ್ಬರ್ನಿನಲ್ಲೂ ತೊಂದರೆ ಇರಲಿಲ್ಲವೆಂದಲ್ಲ. ಐವರಲ್ಲಿ ಒಬ್ಬರಿಗೆ ಪೋರ್ಟು, ಕೊಳವೆ ಕೆಟ್ಟು ರಿಪೇರಿ ಬೇಕಾಗಿತ್ತು. ಎರಡು ಊರಿನ ಫಲ ಬೇರೆಯಾಗಲು ಕಾರಣ ಹಲವು. ಶಸ್ತ್ರಚಿಕಿತ್ಸೆಯ ರೀತಿ ಒಂದು ಕಾರಣ. ಮತ್ತೊಂದು, ಜನ ಎಷ್ಟು ಸಲ ಮರಳಿ ವೈದ್ಯರ ಬಳಿ ಬಂದರು ಎಂಬುದು. ಈ ಎರಡನೆಯದಕ್ಕೆ ಅಮೆರಿಕದಿಂದ 2004ರಲ್ಲಿ ಒಂದು ಪುರಾವೆ ಬಂದಿದೆ. ಮೊದಲ ವರ್ಷ ಆರಕ್ಕಿಂತ ಹೆಚ್ಚು ಸಲ ತಪಾಸಣೆಗೆ ಬಂದ ಬ್ಯಾಂಡ್ ರೋಗಿಗಳು ಹೆಚ್ಚುವರಿ ತೂಕದ ಶೇಕಡ 50 ಇಳಿಸಿದ್ದರು. ಕಡಿಮೆ ಬಂದವರು ಇಳಿಸಿದ್ದು 42. ಬೈಪಾಸ್ ಆದವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಮರುಭೇಟಿ ಬ್ಯಾಂಡಿನ ಚಿಕಿತ್ಸೆಯ ಒಂದು ಅಂಗ ಎಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಮರುಭೇಟಿಯಲ್ಲಿ ನಡೆಯುವುದೇನು? ಭಯಪಡುವಂಥದ್ದೇನೂ ಇಲ್ಲ. ಮಂಚದ ಮೇಲೆ ಅಂಗಾತ ಮಲಗಿಸುತ್ತಾರೆ. ವೈದ್ಯರು ಬೆರಳಿನಿಂದ ಒತ್ತುತ್ತ ಪೋರ್ಟು ಹುಡುಕುತ್ತಾರೆ. ಚರ್ಮದ ಕೆಳಗೆ ಗಟ್ಟಿಯಾಗಿ, ನಾಣ್ಯದಷ್ಟು ಅಗಲಕ್ಕೆ ಅದು ಕೈಗೆ ಸಿಗುತ್ತದೆ. ತಲೆ ಸ್ವಲ್ಪ ಎತ್ತಿ ಎನ್ನುತ್ತಾರೆ. ಎತ್ತಿದಾಗ ಹೊಟ್ಟೆಯ ಸ್ನಾಯು ಬಿಗಿಯಾಗಿ ಪೋರ್ಟು ಅಲುಗಾಡದೆ ನಿಲ್ಲುತ್ತದೆ. ವಿಶೇಷವಾದ ಒಂದು ಸೂಜಿ ಚುಚ್ಚುತ್ತಾರೆ. ಅರ್ಧ ಮಿಲಿಲೀಟರ್, ಹೆಚ್ಚೆಂದರೆ ಒಂದೆರಡು ಮಿಲಿಲೀಟರ್ ಉಪ್ಪುನೀರು ಒಳಗೆ ಹೋಗುತ್ತದೆ, ಇಲ್ಲವೇ ಹೊರಗೆ ಬರುತ್ತದೆ. ಎದ್ದು ಕೂತ ಮೇಲೆ ಒಂದು ಲೋಟ ನೀರು ಕೊಡುತ್ತಾರೆ. ಗುಟುಕು ಗುಟುಕಾಗಿ ಕುಡಿಯಬೇಕು. ನೀರು ಸರಾಗವಾಗಿ ಇಳಿದರೆ ಮನೆಗೆ. ಎದೆಯಲ್ಲಿ ನಿಂತರೆ ಅಥವಾ ಮರಳಿ ಬಂದರೆ ಬಿಗಿ ಹೆಚ್ಚಾಯಿತು ಎಂದರ್ಥ, ಅಲ್ಲೇ ಸ್ವಲ್ಪ ತೆಗೆಯುತ್ತಾರೆ.

ಗುರಿ ಮುಟ್ಟಿದವರಿಗೆ ಇದು ಏಕೆ ಬೇಕು? ತೂಕ ಇಳಿದಾಗ ಜಠರದ ಸುತ್ತಲಿನ ಕೊಬ್ಬೂ ಕರಗುತ್ತದೆ. ನಿನ್ನೆ ಸರಿಯಿದ್ದ ಉಂಗುರ ಇಂದು ಸಡಿಲವಾಗುತ್ತದೆ. ಎರಡು ತುತ್ತಿಗೆ ತುಂಬುತ್ತಿದ್ದ ಹೊಟ್ಟೆ ಈಗ ಇಡೀ ತಟ್ಟೆ ಕೇಳುತ್ತದೆ. ಮನಸ್ಸು ಸಡಿಲವಾಯಿತು ಎಂದು ತೂಕ ಏರಿದವಳು ಕೊರಗುತ್ತಾಳೆ, ಸಡಿಲವಾದದ್ದು ಬ್ಯಾಂಡ್.

ಮರುಭೇಟಿ ಏಕೆ ಬೇಕು ಎಂದು ಇಷ್ಟು ಹೊತ್ತು ಕೇಳಿದಿರಿ. ಈಗ ಅದಕ್ಕೆ ವಿರುದ್ಧ ದಿಕ್ಕಿನ ತಪ್ಪು. ತೂಕ ಏರಿತು, ಇನ್ನೂ ಬಿಗಿ ಮಾಡಿ ಎಂದು ಕೇಳುವುದು. ಬ್ಯಾಂಡಿನ ವಿಷಯದಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಇದೇ ಎನ್ನಬೇಕು.

ಮುಳಾ ನದಿಯ ಮೇಲಿನ ಹೋಳ್ಕರ್ ಸೇತುವೆಯನ್ನು ಖಡಕಿಯವರು ಬಲ್ಲರು. ಹಳೆಯದು, ಕಿರಿದು. ದೊಡ್ಡ ಗಾಡಿ ಬಂದರೆ ಸಾಲು ನಿಲ್ಲುತ್ತದೆ. ಸ್ಕೂಟರುಗಳು ಸಂದಿಯಲ್ಲಿ ನುಸುಳಿ ದಾಟುತ್ತವೆ. ಬಿಗಿ ಬ್ಯಾಂಡಿನಲ್ಲಿ ಆಗುವುದೂ ಇದೇ. ರೊಟ್ಟಿ ಸಿಕ್ಕಿಕೊಳ್ಳುತ್ತದೆ. ಪಾವ್ ಎಂಜಲಿನಲ್ಲಿ ನೆನೆದು ಹಿಟ್ಟಿನ ಉಂಡೆಯಾಗಿ ನಿಲ್ಲುತ್ತದೆ. ಸೊಪ್ಪಿನ ನಾರು, ಮಾಂಸದ ತುಂಡು ಇಳಿಯುವುದಿಲ್ಲ. ಆದರೆ ಮಸ್ತಾನಿ ಇಳಿಯುತ್ತದೆ. ಪುಣೆಯ ಈ ಹೆಸರುವಾಸಿ ಪಾನೀಯದಲ್ಲಿ ಗಟ್ಟಿ ಹಾಲು, ಸಕ್ಕರೆ, ಮೇಲೆ ಐಸ್‌ಕ್ರೀಮ್. ಬ್ಯಾಂಡ್ ಎಷ್ಟೇ ಬಿಗಿಯಿದ್ದರೂ ಅದಕ್ಕೆ ತಡೆಯಿಲ್ಲ. ಶ್ರೀಖಂಡಕ್ಕೂ ಇಲ್ಲ. ಬಾಯಲ್ಲೇ ಪುಡಿಯಾಗುವ ಚಿವಡಾ, ಸೇವಿಗೂ ಇಲ್ಲ. ಹೊಟ್ಟೆಗೆ ಒಳ್ಳೆಯ ಊಟ ಸೇರದೆ, ಸೇರುವುದನ್ನೇ ತಿನ್ನುವ ರೂಢಿ ಬೀಳುತ್ತದೆ. ತೂಕ ಇನ್ನೂ ಏರುತ್ತದೆ. ಮತ್ತೆ ಬಿಗಿ ಮಾಡಿ ಎನ್ನುತ್ತಾರೆ. ಈ ಸುತ್ತಿನಲ್ಲಿ ಸಿಕ್ಕವರಿಗೆ ಬೇಕಾದದ್ದು ಬ್ಯಾಂಡ್ ಸ್ವಲ್ಪ ಸಡಿಲಿಸುವುದು. ಸಡಿಲಿಸಿದ ಮೇಲೆ ರೊಟ್ಟಿ, ಪಲ್ಯ, ಬೇಳೆ ಮತ್ತೆ ಇಳಿಯತೊಡಗುತ್ತದೆ. ಐಸ್‌ಕ್ರೀಮಿನ ಆಸೆ ತಾನಾಗಿ ಕಡಿಮೆಯಾಗುವುದೂ ಉಂಟು.

ಚಹಾದ ಬಗ್ಗೆಯೂ ಹೇಳಬೇಕು. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯಿಂದಲೇ 40 ಕ್ಯಾಲರಿ. ದಿನಕ್ಕೆ ನಾಲ್ಕು ಕಪ್ಪಾದರೆ 160. ಒಂದೂವರೆ ರೊಟ್ಟಿಯಷ್ಟಾಯಿತು, ಹೊಟ್ಟೆಗೆ ಗೊತ್ತೇ ಆಗಲಿಲ್ಲ. ಚಹಾ ಬಿಡಬೇಕಿಲ್ಲ, ಸಕ್ಕರೆ ಬಿಟ್ಟರೆ ಸಾಕು.

ಅತಿ ಸಡಿಲವೂ ಬೇಡ, ಅತಿ ಬಿಗಿಯೂ ಬೇಡ ಎಂದಾಯಿತು. ಹಾಗಿದ್ದರೆ ತಟ್ಟೆಯಲ್ಲಿ ಏನಿರಬೇಕು?

ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಪುಣೆಗೆ ಬಂದ ಕನ್ನಡದ ಮನೆಗಳ ಊಟವನ್ನೇ ತೆಗೆದುಕೊಳ್ಳಿ. ಬಿಸಿ ಮೆತ್ತನೆ ರೊಟ್ಟಿ, ಕಟಕ ರೊಟ್ಟಿಯಲ್ಲ. ಕಟಕ ರೊಟ್ಟಿ ಒಣಗಿದ್ದು, ಬ್ಯಾಂಡಿನಲ್ಲಿ ಚುಚ್ಚಿ ನಿಲ್ಲುವ ಸಂಭವ ಇದೆ. ಒಂದು ರೊಟ್ಟಿ ಸಾಕು. ಅದರ ಮೊದಲು ಪ್ರೋಟೀನು ಒಳಗೆ ಹೋಗಬೇಕು. ಗಟ್ಟಿ ಬೇಳೆ, ಮೊಳಕೆಕಾಳಿನ ಉಸಳಿ, ಮೊಸರು, ಮೊಟ್ಟೆ, ತಿನ್ನುವವರಾದರೆ ಮೀನು. ದಿನಕ್ಕೆ 60 ಗ್ರಾಂ ಪ್ರೋಟೀನು ಎಂಬುದು ಸಾಮಾನ್ಯ ಸಲಹೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಬಟ್ಟಲು ಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 60 ಮುಟ್ಟಲು ಮೂರು ಹೊತ್ತೂ ಗಮನ ಬೇಕು. ಶೇಂಗಾ ಹಿಂಡಿಯಲ್ಲಿ ಪ್ರೋಟೀನು ಇದೆ, ಎಣ್ಣೆಯೂ ಇದೆ. ಒಂದು ಹಿಡಿ ಶೇಂಗಾದಲ್ಲಿ ಸುಮಾರು 170 ಕ್ಯಾಲರಿ. ಚಮಚದಲ್ಲಿ ಅಳೆದು ಹಾಕಿಕೊಳ್ಳಿ, ಕೈಯಲ್ಲಿ ಎತ್ತಿಕೊಳ್ಳಬೇಡಿ.

ತುತ್ತು ಚಿಕ್ಕದಿರಲಿ. ಚೆನ್ನಾಗಿ ಅಗಿಯಿರಿ. ಒಂದು ಊಟಕ್ಕೆ 20ರಿಂದ 30 ನಿಮಿಷ ಕೊಡಿ. ಊಟದ ನಡುವೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಕಳೆಯಲಿ. ಸೋಡಾ, ಗ್ಯಾಸಿನ ಪಾನೀಯ ಬೇಡವೇ ಬೇಡ. ಕಬ್ಬಿಣ, ಬಿ-12, ಡಿ ಜೀವಸತ್ವದ ಮಟ್ಟವನ್ನು ವರ್ಷಕ್ಕೊಮ್ಮೆ ರಕ್ತದಲ್ಲಿ ನೋಡಿಸಿ, ಸಸ್ಯಾಹಾರಿಗಳಂತೂ ತಪ್ಪಿಸಬಾರದು. ಗರ್ಭಿಣಿಯಾದರೆ ಮೊದಲ ತಿಂಗಳುಗಳಲ್ಲೇ ಬ್ಯಾಂಡಿನ ವೈದ್ಯರಿಗೆ ತಿಳಿಸಿ. ಆಗ ಉಂಗುರ ಸಡಿಲಿಸಬೇಕಾಗಬಹುದು.

ಊಟದ ಮಾತು ಮುಗಿಯಿತು. ತೂಕ ನಿಂತವರ ಬದುಕಿನಲ್ಲಿ ಬೇರೆ ಏನು ಕಾಣುತ್ತದೆ? ಇದನ್ನೇ ಹುಡುಕಲು ಅಮೆರಿಕದಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ಒಂದು ದಾಖಲೆ ಪುಸ್ತಕ ತೆರೆದರು. ಕನಿಷ್ಠ 13.6 ಕಿಲೋ ಇಳಿಸಿ, ಕನಿಷ್ಠ ಒಂದು ವರ್ಷ ಹಾಗೇ ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಜಾಗ. ಸಾವಿರಾರು ಜನ ಸೇರಿದರು. ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಹೆಚ್ಚುಕಡಿಮೆ ಅಷ್ಟೇ ಮಂದಿ ದಿನಾ ಬೆಳಗಿನ ತಿಂಡಿ ತಿನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸುಮಾರು ಒಂದು ಗಂಟೆ ಮೈ ದುಡಿಸುತ್ತಾರೆ. ಹೆಚ್ಚಿನವರ ವ್ಯಾಯಾಮ ನಡಿಗೆ.

ನಡಿಗೆಗೆ ಖಡಕಿಯಲ್ಲಿ ಜಾಗಕ್ಕೆ ಕೊರತೆಯಿಲ್ಲ. ದಂಡಿನ ರಸ್ತೆಗಳಲ್ಲಿ ಮರದ ನೆರಳು ಇದೆ. ಮಂಡಿ ನೋವು, ನಡೆಯಲಾಗದು ಎನ್ನುವವರಿಗೂ ಇದೇ ಊರಿನಲ್ಲಿ ಉತ್ತರ ಇದೆ. ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ 1974ರಿಂದ ಇಲ್ಲಿ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರ ನಡೆಯುತ್ತಿದೆ. ಕಾಲಿನ ಶಕ್ತಿ ಹೋದವರು ಗಾಲಿಕುರ್ಚಿಯಲ್ಲಿ ಕೂತು ಆಟಗಳಲ್ಲಿ ತೊಡಗುತ್ತಾರೆ. ಕುರ್ಚಿಯಲ್ಲಿ ಕೂತು ನೀರು ತುಂಬಿದ ಎರಡು ಬಾಟಲಿ ಎತ್ತಿ ಇಳಿಸುವುದು ಯಾವ ಮನೆಯಲ್ಲೂ ಸಾಧ್ಯ. ತೂಕ ಇಳಿದವರಿಗೆ ಸ್ನಾಯುವಿನ ಕೆಲಸ ಬಹಳ ಮುಖ್ಯ. ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿರುತ್ತದೆ.

ವಾರಕ್ಕೊಮ್ಮೆ ತೂಕ ನೋಡಬೇಕು ಎಂದೆವು. ಆದರೆ ತೂಕದ ಯಂತ್ರ ಎಲ್ಲವನ್ನೂ ಹೇಳುವುದಿಲ್ಲ. ಇದನ್ನು ಜಗತ್ತಿಗೆ ತೋರಿಸಿದವರು ಪುಣೆಯವರೇ, ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರೂ ಲಂಡನ್ನಿನ ಡಾ. ಜಾನ್ ಯಡ್ಕಿನ್ ಅವರೂ ತಮ್ಮದೇ ಮೈಯ ಲೆಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22ರ ಹತ್ತಿರ. ನೋಡಲು ಇಬ್ಬರೂ ತೆಳ್ಳಗೆ. ಒಳಗಿನ ಕೊಬ್ಬು ಅಳೆದರೆ ಲಂಡನ್ನಿನವರಲ್ಲಿ ಶೇಕಡ 9, ಪುಣೆಯವರಲ್ಲಿ 21. ಭಾರತೀಯರ ಕೊಬ್ಬು ಹೊಟ್ಟೆಯ ಸುತ್ತ ಅಡಗುತ್ತದೆ. ಆದ್ದರಿಂದ ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಟೇಪಿನಲ್ಲಿ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಇದು ನಮ್ಮವರಿಗೆ ಹೇಳಿರುವ ಮಿತಿ. ತೂಕ ಎರಡು ಮೂರು ಕಿಲೋ ಏರಿ ಒಂದು ತಿಂಗಳು ಇಳಿಯದಿದ್ದರೆ ವೈದ್ಯರಿಗೆ ಫೋನು ಮಾಡಿ. ಹತ್ತು ಕಿಲೋ ಏರುವ ತನಕ ನಾಚಿಕೆಯಿಂದ ಮನೆಯಲ್ಲಿ ಕೂರಬೇಡಿ. ಹತ್ತು ಕಿಲೋ ಏರಿದ್ದರೂ ಹೋಗಿ. ಬ್ಯಾಂಡ್ ತೆಗೆದು ಬೇರೆ ಶಸ್ತ್ರಚಿಕಿತ್ಸೆ ಮಾಡುವ ದಾರಿ ಇದೆ. ಹಸಿವು ತಗ್ಗಿಸುವ ಹೊಸ ಚುಚ್ಚುಮದ್ದುಗಳೂ ಬಂದಿವೆ. ಅವನ್ನು ನಿಲ್ಲಿಸಿದರೆ ತೂಕ ಮರಳುತ್ತದೆ, ಹಾಗಾಗಿ ಅದೂ ವೈದ್ಯರ ಜೊತೆ ಕೂತು ತೀರ್ಮಾನಿಸುವ ವಿಷಯ.

ಕೊನೆಯದಾಗಿ ಒಂದು ಕಾಗದದ ವಿಷಯ. ಖಡಕಿಯಂಥ ಊರಿನಲ್ಲಿ ಸೈನ್ಯದ ಕುಟುಂಬಗಳಿಗೆ ವರ್ಗಾವಣೆ ಮಾಮೂಲು. ಬೇರೆ ಊರಿನ ವೈದ್ಯರಿಗೆ ನಿಮ್ಮ ಬ್ಯಾಂಡ್ ಯಾವುದು ಎಂದು ತಿಳಿಯುವುದು ಹೇಗೆ? ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯಿಂದ ಬರೆಸಿಕೊಳ್ಳಿ. ಬ್ಯಾಂಡಿನ ಕಂಪನಿ, ಅಳತೆ, ಹಾಕಿದ ದಿನಾಂಕ, ಈಗ ಒಳಗಿರುವ ನೀರು ಎಷ್ಟು ಮಿಲಿಲೀಟರ್. ಅದರ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ, ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ. ರಾತ್ರಿ ಮಲಗಿದಾಗ ಕೆಮ್ಮು, ಹುಳಿ ಮೇಲೆ ಬರುವುದು ಶುರುವಾದರೆ ಆ ವಾರವೇ ತೋರಿಸಿ. ವಾಂತಿ ನಿಲ್ಲದಿದ್ದರೆ, ಗುಟುಕು ನೀರೂ ಇಳಿಯದಿದ್ದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದರೆ, ಮರುದಿನದವರೆಗೆ ಕಾಯಬೇಡಿ. ಬ್ಯಾಂಡ್ ಜಾರಿರಬಹುದು. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹೊಟ್ಟೆಯಲ್ಲಿ ಗ್ಯಾಸ್ಟ್ರಿಕ್ ಬ್ಯಾಂಡ್ ಇದೆ ಎಂದು ಬಾಗಿಲಲ್ಲೇ ಹೇಳಿ. ಪೋರ್ಟಿನಿಂದ ನೀರು ತೆಗೆಯಬಲ್ಲ ಶಸ್ತ್ರವೈದ್ಯರನ್ನು ಕರೆಸಿ ಎಂದು ಕೇಳಿ, ಆ ಕಾಗದ ಅವರ ಕೈಗೆ ಕೊಡಿ.